ಮಾನವ ಹಕ್ಕು ಆಯೋಗಕ್ಕೆ ದೂರು ಕೊಡುವುದು ಹೇಗೆ: ಒಬ್ಬ ಅರ್ಜಿ ಬರೆಯುವವಳ ಅನುಭವ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಎದುರು, ಬೇವಿನ ಮರದ ಕೆಳಗೆ ನನ್ನ ಮೇಜು ಇದೆ. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಹುಡುಗರು ಬರುವುದು ನಿಂತಿತು. ಅಂದಿನಿಂದ ಅರ್ಜಿ ಟೈಪ್ ಮಾಡುತ್ತೇನೆ. ಪಹಣಿ ತಿದ್ದುಪಡಿ, ಪೋಡಿ, ವಿಧವಾ ವೇತನ, ಜಾತಿ ಪ್ರಮಾಣಪತ್ರ. ಊರಿನವರು ನನ್ನನ್ನು ಟೈಪಿಂಗ್ ಅಕ್ಕಾರು ಅಂತ ಕರೆಯುತ್ತಾರೆ.

ವರ್ಷಕ್ಕೆ ಹತ್ತು ಹದಿನೈದು ಸಲ ಬೇರೆ ಥರದ ಅರ್ಜಿ ಬರುತ್ತದೆ. ಠಾಣೆಯಲ್ಲಿ ಕೂಡಿಹಾಕಿ ಹೊಡೆದರು. ಹೆರಿಗೆ ನೋವಿನಲ್ಲಿ ಬಂದವಳನ್ನು ಆಸ್ಪತ್ರೆ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಮ್ಯಾನ್‌ಹೋಲ್‌ಗೆ ಇಳಿಸಿದರು. ಹೆಣ ಹೂಳಲು ಜಾಗ ಕೊಡಲಿಲ್ಲ. ಇಂಥವನ್ನು ಸರಿಯಾಗಿ ಬರೆಯುವುದು ನನಗೆ ಗೊತ್ತಾಗುವ ಹೊತ್ತಿಗೆ ಒಂದು ಮನೆಯವರಿಗೆ ನಷ್ಟ ಆಗಿಹೋಗಿತ್ತು. ಅದನ್ನು ಮುಂದೆ ಹೇಳುತ್ತೇನೆ. ಬೇರೆ ಯಾರಿಗೂ ಹಾಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆಯೋಗ ಅಂದರೆ ಯಾವುದು?

1993ರಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬಂತು. ಅದರ ಕೆಳಗೆ ದೆಹಲಿಯಲ್ಲಿ ರಾಷ್ಟ್ರೀಯ ಆಯೋಗ ಇದೆ, ರಾಜ್ಯಗಳಲ್ಲಿ ರಾಜ್ಯ ಆಯೋಗ ಇದೆ. ಕರ್ನಾಟಕದ ಆಯೋಗಕ್ಕೆ 2007ರಲ್ಲಿ ನ್ಯಾಯಮೂರ್ತಿ ಎಸ್.ಆರ್. ನಾಯಕ್ ಮೊದಲ ಅಧ್ಯಕ್ಷರಾದರು. ಕಚೇರಿ ಇರುವುದು ಬೆಂಗಳೂರಿನ ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿ. ಎಂ.ಎಸ್. ಬಿಲ್ಡಿಂಗ್ ಅಂದರೆ ಆಟೋದವರಿಗೆಲ್ಲ ಗೊತ್ತು. ಆದರೆ ದೂರು ಕೊಡಲು ಅಲ್ಲಿಗೆ ಹೋಗಲೇಬೇಕು ಅಂತೇನಿಲ್ಲ. ಅಂಚೆಯಲ್ಲಿ ಕಳಿಸಿದರೆ ಸಾಕು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಕಾರಿನ ಮುಂದೆ ‘ಮಾನವ ಹಕ್ಕು’ ಅಂತ ದೊಡ್ಡ ಬೋರ್ಡ್ ಹಾಕಿಕೊಂಡು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬರುವವರು ಇದ್ದಾರೆ. ಸಾವಿರ, ಎರಡು ಸಾವಿರ ಕೊಡಿ, ಆಯೋಗದಲ್ಲಿ ಕೆಲಸ ಮಾಡಿಸಿಕೊಡುತ್ತೇವೆ ಅನ್ನುತ್ತಾರೆ. ಅವರು ಖಾಸಗಿ ಸಂಘದವರು. ಕೆಲವು ಸಂಘಗಳು ನಿಜವಾಗಿಯೂ ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ಆಯೋಗ ಯಾರಿಗೂ ಏಜೆನ್ಸಿ ಕೊಟ್ಟಿಲ್ಲ. ದೂರಿಗೆ ಶುಲ್ಕ ಇಲ್ಲ, ಸ್ಟಾಂಪ್ ಪೇಪರ್ ಬೇಡ, ವಕೀಲರು ಬೇಕೇ ಬೇಕು ಅಂತಿಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಸಹಿ ಮಾಡಿದರೆ ಅದೇ ದೂರು.

ನಿಮ್ಮ ವಿಷಯ ಆಯೋಗಕ್ಕೆ ಹೋಗುವಂಥದ್ದೇ?

ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಸರ್ಕಾರಿ ನೌಕರ ಯಾರು? ಪೊಲೀಸ್, ವೈದ್ಯ, ಹಾಸ್ಟೆಲ್ ವಾರ್ಡನ್, ಪುರಸಭೆ ಅಧಿಕಾರಿ, ಪಿಡಿಒ, ಜೈಲಿನವರು. ಅವರು ತಾವೇ ತಪ್ಪು ಮಾಡಿರಬೇಕು, ಇಲ್ಲವೇ ತಪ್ಪು ನಡೆಯುತ್ತಿದ್ದಾಗ ತಡೆಯದೆ ಸುಮ್ಮನೆ ಕೂತಿರಬೇಕು. ಈ ಎರಡನೇ ಮಾತು ಕಾಯ್ದೆಯಲ್ಲೇ ಇದೆ, ಆದರೆ ಬಹಳ ಜನ ಮರೆಯುತ್ತಾರೆ. ಉದಾಹರಣೆಗೆ, ಕೂಲಿಯವನನ್ನು ಮ್ಯಾನ್‌ಹೋಲ್‌ಗೆ ಇಳಿಸಿದವನು ಖಾಸಗಿ ಗುತ್ತಿಗೆದಾರ. ಸರಿ. ಆದರೆ ಆ ಗುತ್ತಿಗೆ ಕೊಟ್ಟವರು ಯಾರು? ಸುರಕ್ಷತಾ ಸಾಧನ ಇಲ್ಲದೆ ಹಾಗೆ ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದೆ. ಅದನ್ನು ನೋಡಿಕೊಳ್ಳಬೇಕಾದ ಅಧಿಕಾರಿ ಯಾರು? ದೂರಿನಲ್ಲಿ ಅವರ ಹೆಸರೂ ಬರಬೇಕು.

ಅಣ್ಣತಮ್ಮಂದಿರ ಆಸ್ತಿ ಜಗಳಕ್ಕೆ ಆಯೋಗ ಅಲ್ಲ. ನೌಕರಿಯ ಬಡ್ತಿ, ವರ್ಗಾವಣೆಗೂ ಅಲ್ಲ. ಕೋರ್ಟಿನಲ್ಲಿ ಅದೇ ವಿಷಯ ನಡೆಯುತ್ತಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹೆಸರಿಲ್ಲದ ಅರ್ಜಿಯನ್ನೂ ಅಷ್ಟೇ. ಸೈನ್ಯದವರ ಮೇಲಿನ ದೂರು ರಾಷ್ಟ್ರೀಯ ಆಯೋಗಕ್ಕೇ ಹೋಗಬೇಕು. ಬರೀ ಲಂಚದ ವಿಷಯ ಆದರೆ ಲೋಕಾಯುಕ್ತಕ್ಕೆ ಹೋಗಿ.

ಇನ್ನೊಂದು ವಿಷಯ, ದೂರಿಗೆ ಗಡುವು ಇದೆ. ಘಟನೆ ನಡೆದ ದಿನದಿಂದ ಒಂದು ವರ್ಷ. ಅದು ದಾಟಿದರೆ ಕಾಯ್ದೆಯ 36ನೇ ಕಲಮು ಅಡ್ಡ ಬರುತ್ತದೆ. ‘ಹೊಲದ ಕೆಲಸ ಮುಗೀಲಿ, ಆಮ್ಯಾಲೆ ನೋಡೋಣ್ರಿ’ ಅಂದವರು ಹದಿನಾಲ್ಕು ತಿಂಗಳಾದ ಮೇಲೆ ಬಂದದ್ದನ್ನು ಕಂಡಿದ್ದೇನೆ. ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ.

ಬರೆಯುವುದಕ್ಕಿಂತ ಮೊದಲಿನ ಎರಡು ದಿನ

ಠಾಣೆಯಲ್ಲಿ ಹೊಡೆತ ತಿಂದವನು ಮೊದಲು ಹೋಗಬೇಕಾದ್ದು ನನ್ನ ಮೇಜಿಗೆ ಅಲ್ಲ, ಸರ್ಕಾರಿ ಆಸ್ಪತ್ರೆಗೆ. ಬಾವು ಇಳಿಯುತ್ತದೆ, ಕಪ್ಪು ಕಲೆ ಹಳದಿ ಆಗುತ್ತದೆ, ಹದಿನೈದು ದಿನಕ್ಕೆ ಮೈ ಮೊದಲಿನ ಹಾಗೆ ಕಾಣುತ್ತದೆ. ಆಮೇಲೆ ಹೇಳುವುದು ಯಾರಿಗೆ? ಆಸ್ಪತ್ರೆಯಲ್ಲಿ ‘ಬಿದ್ದೆ’ ಅನ್ನಬೇಡಿ. ಯಾರು, ಎಲ್ಲಿ, ಯಾತರಿಂದ ಹೊಡೆದರು ಅಂತ ಹೇಳಿ, ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಬೇಕಾಗುವ ಗಾಯದ ದಾಖಲೆ) ಮಾಡಿಕೊಳ್ಳಿ ಅಂತ ಕೇಳಿ. ಓಪಿಡಿ ಚೀಟಿ ಕಳೆಯಬೇಡಿ. ಗಾಯದ ಫೋಟೊ ಮೊಬೈಲಿನಲ್ಲಿ ತೆಗೆಯುವಾಗ ಒಂದರಲ್ಲಾದರೂ ಮುಖವೂ ಗಾಯವೂ ಒಟ್ಟಿಗೆ ಕಾಣಬೇಕು. ಬರೀ ಬೆನ್ನಿನ ಫೋಟೊ ಯಾರ ಬೆನ್ನು ಅಂತ ಹೇಗೆ ಗೊತ್ತಾಗಬೇಕು?

ಬಂಧಿಸಿದ್ದರೆ ಬಂಧನದ ಮೆಮೊ ಇರಬೇಕು. ಅದರಲ್ಲಿ ಸಮಯ, ದಿನಾಂಕ ಮತ್ತು ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿ ಇರಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಿಯಮ ಇದು. ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಪ್ರಯಾಣದ ಸಮಯ ಮಾತ್ರ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನಿಂತಾಗ ಹೊಡೆದದ್ದನ್ನು ಬಾಯಿಬಿಟ್ಟು ಹೇಳಬೇಕು. ಅದು ದಾಖಲಾಗುತ್ತದೆ. ಭಯ ಆಗುತ್ತದೆ, ಗೊತ್ತು. ಪಕ್ಕದಲ್ಲೇ ಪೊಲೀಸರು ನಿಂತಿರುತ್ತಾರೆ. ಆದರೂ ಹೇಳಿ.

ಮೆಮೊ ಇಲ್ಲ, ಕೇಸೂ ಇಲ್ಲ, ಸುಮ್ನೆ ಎರಡು ರಾತ್ರಿ ಕೂರಿಸಿ ಬಿಟ್ಟರು ಅನ್ನುವುದೇ ನಮ್ಮ ಕಡೆ ಜಾಸ್ತಿ. ಆಗ ಅಲ್ಲಿ ಇದ್ದ ಅನ್ನುವುದನ್ನೇ ತೋರಿಸಬೇಕಾಗುತ್ತದೆ. ಇದಕ್ಕೆ ಸಿಸಿಟಿವಿ ಬೇಕು. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಅಂತ ಆದೇಶಿಸಿತು. ಬಾಗಿಲು, ಲಾಕಪ್, ಕಾರಿಡಾರ್ ಎಲ್ಲ ಕಡೆ. ದೃಶ್ಯವನ್ನು 18 ತಿಂಗಳು ಉಳಿಸಬೇಕು, ಅಂಥ ಸಾಧನ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಅಲ್ಲ. ಮಾನವ ಹಕ್ಕು ಆಯೋಗ ಆ ದೃಶ್ಯವನ್ನು ತರಿಸಿಕೊಳ್ಳಬಹುದು ಅಂತಲೂ ಆ ತೀರ್ಪಿನಲ್ಲೇ ಇದೆ. ಆದ್ದರಿಂದ ಬಿಟ್ಟುಬಂದ ವಾರದೊಳಗೆ ಎಸ್‌ಪಿಯವರಿಗೆ ಒಂದು ಪುಟದ ಪತ್ರ ಹಾಕಿ: ಇಂಥ ದಿನ ಇಷ್ಟು ಗಂಟೆಯಿಂದ ಇಂಥ ದಿನ ಇಷ್ಟು ಗಂಟೆವರೆಗಿನ ದೃಶ್ಯ ಅಳಿಸದೆ ಕಾಪಾಡಿ. ಅದರ ಅಂಚೆ ರಸೀದಿಯೇ ಮುಂದೆ ದೊಡ್ಡ ಸಾಕ್ಷಿ.

ಬರೆಯುವ ಬಗೆ

ನನ್ನ ಮೇಜಿಗೆ ಬರುವವರೆಲ್ಲ ಹೇಳುವುದು ಒಂದೇ. ‘ಎಲ್ಲಾ ಬರೀರಿ ಅಕ್ಕಾರ, ಒಂದೂ ಬಿಡಬ್ಯಾಡ್ರಿ.’ ಅವರ ಸಂಕಟ ನನಗೆ ಅರ್ಥ ಆಗುತ್ತದೆ. ನಾನು ಎಲ್ಲವನ್ನೂ ಕೇಳುತ್ತೇನೆ. ಅರ್ಧ ಗಂಟೆ ಆದರೂ ಕೇಳುತ್ತೇನೆ, ಅಳುವವರಿಗೆ ಅಳಲು ಬಿಡುತ್ತೇನೆ. ಆಮೇಲೆ ಒಂದೂವರೆ ಪುಟಕ್ಕೆ ಇಳಿಸುತ್ತೇನೆ.

‘ನನ್ನ ಮಗನಿಗೆ ಘೋರ ಅನ್ಯಾಯವಾಗಿದೆ, ಪೊಲೀಸರು ರಾಕ್ಷಸರಂತೆ ವರ್ತಿಸಿದ್ದಾರೆ, ತಾವು ದಯಮಾಡಿ ನ್ಯಾಯ ಕೊಡಿಸಬೇಕು’ ಅಂತ ಬರೆದರೆ ಓದುವ ಅಧಿಕಾರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನಾನು ಈಗ ಬರೆಯುವುದು ಹೀಗೆ:

‘12ನೇ ತಾರೀಖು ಸೋಮವಾರ ರಾತ್ರಿ ಸುಮಾರು 9.30ಕ್ಕೆ ಮಫ್ತಿಯಲ್ಲಿದ್ದ ಇಬ್ಬರು ಪೊಲೀಸರು ನನ್ನ ಮಗನನ್ನು ಮನೆಯಿಂದ ಬೈಕಿನಲ್ಲಿ ಕರೆದುಕೊಂಡು ಹೋದರು. ಕಾರಣ ಹೇಳಲಿಲ್ಲ. ಚೀಟಿ ಕೊಡಲಿಲ್ಲ. ಒಬ್ಬರ ಹೆಸರು ಗೊತ್ತಿದೆ. ಇನ್ನೊಬ್ಬರು ಎತ್ತರ, ಬಲಗೈಗೆ ಬ್ಯಾಂಡೇಜ್ ಇತ್ತು. 13ರ ಬೆಳಿಗ್ಗೆ 7ಕ್ಕೆ ನಾನು ಠಾಣೆಗೆ ಹೋದಾಗ ಅವನು ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದ. ನನಗೆ ಮಾತನಾಡಲು ಬಿಡಲಿಲ್ಲ. 14ರ ಬುಧವಾರ ಮಧ್ಯಾಹ್ನ 2ಕ್ಕೆ ಬಿಟ್ಟರು. ಯಾವ ಮ್ಯಾಜಿಸ್ಟ್ರೇಟ್ ಮುಂದೆಯೂ ನಿಲ್ಲಿಸಲಿಲ್ಲ. ಅದೇ ದಿನ 4.15ಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದೆವು. ಚೀಟಿಯ ನಕಲು ಇದರ ಜೊತೆಗಿದೆ.’

ನೋಡಿ, ಇದರಲ್ಲಿ ಒಂದು ಬೈಗುಳವೂ ಇಲ್ಲ. ಓದಿದವರಿಗೆ ತಾವೇ ಲೆಕ್ಕ ಸಿಗುತ್ತದೆ: ನಲವತ್ತು ಗಂಟೆ. ಹೆಸರು ಗೊತ್ತಿಲ್ಲದಿದ್ದರೆ ಗುರುತು ಬರೆಯಿರಿ. ಕಣ್ಣಾರೆ ಕಂಡದ್ದು ಮತ್ತು ಬೇರೆಯವರು ಹೇಳಿದ್ದು ಬೇರೆ ಬೇರೆ ಇಡಿ. ‘ಮಗ ಹೇಳಿದಂತೆ’ ಅಂತ ಸೇರಿಸಿದರೆ ಸಾಕು. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ. ಒಂದು ತಾರೀಖು ತಪ್ಪಿದರೂ ಎದುರಿನವರು ಇಡೀ ದೂರೇ ಸುಳ್ಳು ಅನ್ನುತ್ತಾರೆ. ಅದಕ್ಕೇ ನನ್ನ ಮೇಜಿನ ಮೇಲೆ ಯಾವಾಗಲೂ ಗೋಡೆ ಕ್ಯಾಲೆಂಡರ್ ಇರುತ್ತದೆ. ‘ಅಮಾಸಿ ಮರುದಿನ’ ಅಂದರೆ ಅದರಲ್ಲಿ ನೋಡಿ ತಾರೀಖು ಹಾಕುತ್ತೇನೆ.

ಕೊನೆಯಲ್ಲಿ ಏನು ಬೇಕು ಅಂತ ಒಂದೊಂದಾಗಿ ಕೇಳಬೇಕು. ಸಿಸಿಟಿವಿ ದೃಶ್ಯ ಮತ್ತು ಠಾಣಾ ದಿನಚರಿ ತರಿಸಿ. ಆಯೋಗದ ತನಿಖಾ ವಿಭಾಗದಿಂದಲೇ ವಿಚಾರಣೆ ಮಾಡಿಸಿ. ಪರಿಹಾರಕ್ಕೆ, ಶಿಸ್ತು ಕ್ರಮಕ್ಕೆ ಶಿಫಾರಸು ಮಾಡಿ. ಚಿಕಿತ್ಸೆಗೆ ದುಡ್ಡಿಲ್ಲದಿದ್ದರೆ ಮಧ್ಯಂತರ ಪರಿಹಾರ ಕೊಡಿಸಿ. ಆಯೋಗಕ್ಕೆ ಐಜಿಪಿ (ಪೊಲೀಸ್ ಮಹಾನಿರೀಕ್ಷಕ) ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯ ಕೈಕೆಳಗೆ ತನ್ನದೇ ತನಿಖಾ ಸಿಬ್ಬಂದಿ ಇರುತ್ತಾರೆ. ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ಕೇಳಿದರೆ ತಾನೇ ಅದನ್ನು ಬಳಸುವುದು?

ಕಳಿಸುವಾಗ ಜನ ಮಾಡುವ ತಪ್ಪು ಒಂದಿದೆ. ಅದೇ ದೂರನ್ನು ಮುಖ್ಯಮಂತ್ರಿಗೆ, ರಾಜ್ಯಪಾಲರಿಗೆ, ದೆಹಲಿಯ ಆಯೋಗಕ್ಕೆ, ಬೆಂಗಳೂರಿನ ಆಯೋಗಕ್ಕೆ, ಮಹಿಳಾ ಆಯೋಗಕ್ಕೆ ಒಟ್ಟಿಗೆ ಹಾಕುತ್ತಾರೆ. ಹತ್ತು ಕಡೆ ಹಾಕಿದರೆ ಒಂದು ಕಡೆಯಾದರೂ ಕೆಲಸ ಆಗುತ್ತದೆ ಅನ್ನುವ ಆಸೆ. ಆದರೆ ಒಂದು ಆಯೋಗ ಕೈಗೆತ್ತಿಕೊಂಡ ವಿಷಯವನ್ನು ಇನ್ನೊಂದು ಆಯೋಗ ವಿಚಾರಿಸುವಂತಿಲ್ಲ. ಒಂದನ್ನು ಆರಿಸಿಕೊಳ್ಳಿ. ನಮಗೆ ಹತ್ತಿರದ್ದು ಬೆಂಗಳೂರು, ಕನ್ನಡದಲ್ಲೇ ವ್ಯವಹಾರ. ನಾನು ಅಲ್ಲಿಗೇ ಕಳಿಸುತ್ತೇನೆ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ದೂರಿನ ನಕಲಿಗೆ ಪಿನ್ ಹೊಡೆದು ಇಡಿ. ಮೂಲ ದಾಖಲೆ ಯಾವತ್ತೂ ಕಳಿಸಬೇಡಿ, ಜೆರಾಕ್ಸ್ ಸಾಕು. ಆಯೋಗದವರು ಜಿಲ್ಲೆಗೆ ಬಂದು ಅಹವಾಲು ಕೇಳುವುದೂ ಉಂಟು. ಆಗ ಕೈಯಲ್ಲೇ ಕೊಡಬಹುದು.

ಎರಡನೇ ಪತ್ರ

ಈಗ ಆ ನಷ್ಟದ ವಿಷಯ.

2011ರಲ್ಲಿ ಒಬ್ಬ ತಾಯಿ ಬಂದಿದ್ದರು. ಮಗ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಬೈಕ್ ಕಳವಿನ ಅನುಮಾನದಲ್ಲಿ ಹಿಡಿದು, ಎರಡು ರಾತ್ರಿ ಇಟ್ಟು, ಕೈಬೆರಳು ಮುರಿದು ಕಳಿಸಿದ್ದರು. ದೂರು ಬರೆದೆ. ಚೆನ್ನಾಗಿಯೇ ಬರೆದೆ. ಆಯೋಗದಿಂದ ಕೇಸ್ ನಂಬರ್ ಬಂತು. ಪೊಲೀಸ್ ಅಧಿಕಾರಿಗಳಿಂದ ವರದಿ ಕೇಳಿದ್ದೇವೆ ಅಂತ ಪತ್ರವೂ ಬಂತು. ಆ ತಾಯಿ ಪತ್ರವನ್ನು ದೇವರ ಫೋಟೊದ ಹಿಂದೆ ಇಟ್ಟರು. ಕೆಲಸ ಆಯಿತು ಅಂತ ನಾವಿಬ್ಬರೂ ಅಂದುಕೊಂಡೆವು.

ಆರು ತಿಂಗಳ ಮೇಲೆ ಇನ್ನೊಂದು ಪತ್ರ ಬಂದಿದೆ. ಪೊಲೀಸರ ವರದಿಯ ನಕಲು ಅದರೊಳಗಿತ್ತು. ‘ಈ ವರದಿಗೆ ನಿಮ್ಮ ಹೇಳಿಕೆ ಏನು, ಇಷ್ಟು ದಿನದೊಳಗೆ ತಿಳಿಸಿ’ ಅಂತ ಕೇಳಿದ್ದರು. ಆ ಹೊತ್ತಿಗೆ ತಾಯಿ ಮಗ ಕಬ್ಬು ಕಡಿಯಲು ಹೋಗಿದ್ದರು. ಪತ್ರ ವಾಪಸ್ ಹೋಯಿತು. ದೂರುದಾರರಿಂದ ಉತ್ತರ ಇಲ್ಲ ಅಂತ ಕಡತ ಮುಗಿಯಿತು. ಅವರು ಊರಿಗೆ ಬಂದು ನನ್ನನ್ನು ಕೇಳಿದಾಗ ಯುಗಾದಿ ಕಳೆದಿತ್ತು. ಎರಡನೇ ಪತ್ರ ಅಂತ ಒಂದು ಬರುತ್ತದೆ ಅನ್ನುವುದು ನನಗೇ ಗೊತ್ತಿರಲಿಲ್ಲ. ಆ ಹುಡುಗನ ಬೆರಳು ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ.

ಆದ್ದರಿಂದ ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಆಯೋಗ ಸಾಮಾನ್ಯವಾಗಿ ಮೊದಲು ಮಾಡುವುದು ಆ ಇಲಾಖೆಯಿಂದಲೇ ವರದಿ ಕೇಳುವುದು. ಇಲಾಖೆ ತನ್ನ ಮೇಲೆ ತಾನೇ ಬರೆದುಕೊಂಡ ವರದಿಯಲ್ಲಿ ‘ಆರೋಪ ಸತ್ಯಕ್ಕೆ ದೂರ’ ಅಂತಲೇ ಇರುತ್ತದೆ. ಅದನ್ನು ಓದಿ ಎದೆ ಒಡೆದುಕೊಳ್ಳಬೇಡಿ. ನಿಮ್ಮ ಉತ್ತರಕ್ಕಾಗಿಯೇ ಅದನ್ನು ನಿಮಗೆ ಕಳಿಸಿರುತ್ತಾರೆ. ನಿಮ್ಮ ಮೊದಲ ದೂರಿಗಿಂತ ಈ ಉತ್ತರವೇ ಕೇಸನ್ನು ಉಳಿಸುವುದು.

ವಿಳಾಸದ ವಿಷಯ ಮೊದಲು. ಗುಳೆ ಹೋಗುವವರು, ಬಾಡಿಗೆ ಮನೆಯವರು ಪತ್ರ ತಲುಪುವ ಇನ್ನೊಂದು ವಿಳಾಸ ಕೊಡಬೇಕು. ಊರಿನ ಅಂಗಡಿ, ಶಾಲೆಯ ಮೇಷ್ಟ್ರು, ಸಂಘದ ಕಚೇರಿ, ಯಾವುದಾದರೂ ಸರಿ. ನಾನು ಈಗ ಒಪ್ಪಿಗೆ ಕೇಳಿ ನನ್ನ ಮನೆಯ ವಿಳಾಸವನ್ನೂ ಹಾಕುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಕೇಸ್ ನಂಬರ್ ಬರೆದಿಟ್ಟು, ಎರಡು ತಿಂಗಳು ಪತ್ರ ಬರದಿದ್ದರೆ ನಾನೇ ಒಂದು ನೆನಪೋಲೆ ಹಾಕುತ್ತೇನೆ.

ಇನ್ನು ಉತ್ತರ ಬರೆಯುವುದು. ವರದಿಯನ್ನು ಪ್ಯಾರಾ ಪ್ಯಾರಾ ಓದಿ, ಪ್ರತಿ ಪ್ಯಾರಾಕ್ಕೂ ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ ಅಂತ ಬರೆದು, ಪಕ್ಕದಲ್ಲಿ ಕಾರಣ ಕೊಡಿ. ಕೆಲವು ವರ್ಷದ ಹಿಂದೆ ಒಬ್ಬ ಲಾರಿ ಕ್ಲೀನರ್ ಹುಡುಗನ ದೂರು ಬರೆದಿದ್ದೆ. ವರದಿಯಲ್ಲಿ ಎರಡು ಮುಖ್ಯ ಮಾತು ಇತ್ತು. ಒಂದು, ಅವನನ್ನು ಠಾಣೆಗೆ ಕರೆತಂದೇ ಇಲ್ಲ. ಎರಡು, ಆ ದಿನಗಳಲ್ಲಿ ಕ್ಯಾಮೆರಾ ಕೆಟ್ಟಿತ್ತು.

ಮೊದಲನೆಯದಕ್ಕೆ ಅವನ ತಮ್ಮ ಮೊಬೈಲಿನಲ್ಲಿ ತೆಗೆದ ಫೋಟೊ ಇತ್ತು. ಠಾಣೆಯ ಅಂಗಳದಲ್ಲಿ ಇವರ ಬೈಕ್ ನಿಂತಿದೆ, ನಂಬರ್ ಕಾಣುತ್ತದೆ, ಫೋಟೊದ ಮೇಲೆ ಸಮಯ ಇದೆ. ಎರಡನೆಯದಕ್ಕೆ ಸುಪ್ರೀಂ ಕೋರ್ಟಿನ ಅದೇ ತೀರ್ಪು ಸಹಾಯಕ್ಕೆ ಬಂತು. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಕೂಡಲೇ ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿಗೆ ತಿಳಿಸಬೇಕು ಅಂತ ಅದರಲ್ಲಿ ಇದೆ. ನಾವು ಬರೆದದ್ದು ಇಷ್ಟು: ‘ಕ್ಯಾಮೆರಾ ಕೆಟ್ಟಿತ್ತು ಎಂದಿದ್ದಾರೆ. ಕೆಟ್ಟ ಬಗ್ಗೆ ಸಮಿತಿಗೆ ತಿಳಿಸಿದ ಪತ್ರ ಮತ್ತು ರಿಪೇರಿಯ ಬಿಲ್ ಹಾಜರುಪಡಿಸಲು ಹೇಳಬೇಕು. ದೃಶ್ಯ ಕಾಪಾಡಿ ಎಂದು ನಾಲ್ಕನೇ ದಿನವೇ ಬರೆದ ಪತ್ರದ ರಸೀದಿ ಲಗತ್ತಿಸಿದೆ.’ ಅಂಥ ಪತ್ರ ಅವರ ಹತ್ತಿರ ಇರಲಿಲ್ಲ. ಆಮೇಲೆ ಆಯೋಗದ ತನಿಖಾ ವಿಭಾಗದವರೇ ಊರಿಗೆ ಬಂದರು. ಚಹಾದ ಅಂಗಡಿಯವರು ಹೇಳಿಕೆ ಕೊಟ್ಟರು.

ವಿಚಾರಣೆಗೆ ಕರೆದರೆ ಹೋಗಲೇಬೇಕು. ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಮೆಜೆಸ್ಟಿಕ್. ಅಲ್ಲೇ ಮುಖ ತೊಳೆದು ಹೋಗಬಹುದು. ಆ ದಿನ ಆಗುವುದಿಲ್ಲ ಅಂದರೆ ಮೊದಲೇ ಪತ್ರ ಹಾಕಿ ಬೇರೆ ದಿನ ಕೇಳಿ. ವಕೀಲರ ಸಹಾಯ ಬೇಕಾದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ. ಸಹಾಯವಾಣಿ 15100. ಬೆದರಿಕೆ ಬಂದರೆ ಅದನ್ನೂ ತಾರೀಖು ಸಮೇತ ಆಯೋಗಕ್ಕೆ ಬರೆಯಿರಿ. ‘ರಾಜಿ ಆಗ್ರಿ’ ಅಂತ ಯಾರು ಮನೆಗೆ ಬಂದರು, ಯಾವಾಗ ಬಂದರು, ಎಲ್ಲ ಬರೆಯಿರಿ.

ಆದೇಶ ಬಂದ ಮೇಲೆ

ಆಯೋಗ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. 18ನೇ ಕಲಮಿನ ಪ್ರಕಾರ ಸರ್ಕಾರ ಒಂದು ತಿಂಗಳೊಳಗೆ, ಅಥವಾ ಆಯೋಗ ಕೊಟ್ಟ ಹೆಚ್ಚಿನ ಸಮಯದೊಳಗೆ, ಏನು ಕ್ರಮ ಕೈಗೊಂಡಿದೆ ಅಂತ ತಿಳಿಸಬೇಕು. ‘ಬರೀ ಶಿಫಾರಸು ತಾನೇ’ ಅಂತ ಹಗುರ ಮಾಡುವವರಿದ್ದಾರೆ. 2021ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಇಂಥ ಶಿಫಾರಸಿಗೆ ಸರ್ಕಾರ ಬದ್ಧ ಅಂತ ಹೇಳಿದೆ. ಅದು ತಮಿಳುನಾಡಿನ ತೀರ್ಪು ನಿಜ, ಆದರೂ ಪತ್ರದಲ್ಲಿ ಅದರ ಮಾತು ಎತ್ತುತ್ತೇನೆ.

ಲಾರಿ ಕ್ಲೀನರ್ ಹುಡುಗನಿಗೆ 25 ಸಾವಿರ ರೂಪಾಯಿ ಕೊಡಬೇಕು, ಇಬ್ಬರ ಮೇಲೆ ಇಲಾಖಾ ವಿಚಾರಣೆ ನಡೆಯಬೇಕು ಅಂತ ಶಿಫಾರಸು ಬಂತು. ಮೂರು ತಿಂಗಳಾದರೂ ಹಣ ಬರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ‘ಈ ಆದೇಶದ ಮೇಲೆ ಇಲ್ಲಿಯವರೆಗೆ ಕೈಗೊಂಡ ಕ್ರಮದ ಕಡತದ ನಕಲು ಕೊಡಿ’ ಅಂತ ಒಂದೇ ವಾಕ್ಯ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಹಣದ ವಿಷಯಕ್ಕೆ ಒಂದು, ಇಲಾಖಾ ವಿಚಾರಣೆಗೆ ಇನ್ನೊಂದು ಅಂತ ಬೇರೆ ಬೇರೆ ಹಾಕುವುದು ಒಳ್ಳೆಯದು.

ಹಣದ ಅರ್ಜಿ ಹಾಕಿದ ತಿಂಗಳೊಳಗೆ ಅವನ ಖಾತೆಗೆ ದುಡ್ಡು ಬಂತು. ಫೋನ್ ಮಾಡಿ ಹೇಳಿದ. ‘ರೊಕ್ಕ ಬಂತ್ರಿ ಅಕ್ಕಾರ. ಅವರ ವಿಚಾರಣೆ ಏನಾತ್ರಿ?’ ಅಂತ ಕೇಳಿದ. ಎರಡನೇ ಅರ್ಜಿ ಮರುದಿನವೇ ಟೈಪ್ ಮಾಡಿದೆವು. ಸಹಿ ಮಾಡುವ ಮೊದಲು ಅವನು ಅದನ್ನು ಪೂರ್ತಿ ಓದಿ, ನಾನು ತಪ್ಪಾಗಿ ಹಾಕಿದ್ದ ಒಂದು ತಾರೀಖನ್ನು ತಿದ್ದಿಸಿದ.